ತೌಡಿಗೆ ಮಾರಿದ ಮಗಳ ಫೈಲು

ನನ್ನ ಮಗಳನ್ನು ಒಂದು ಸೇರು ತೌಡಿಗೆ ಮಾರಿದಾಗ ನಾನು ಹೊಸ್ತಿಲ ಒಳಗೆ ನಿಂತು ನೋಡುತ್ತಿದ್ದೆ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಬಿ.ಎಸ್ಸಿ. ಓದಿದ್ದೆ. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ಕ್ವಾಲಿಟಿ ವಿಭಾಗದಲ್ಲಿ ದುಡಿದಿದ್ದೆ. ಬಾಯಿ ಜೋರು ಎಂದು ತವರಿನಲ್ಲೂ ಅತ್ತೆಮನೆಯಲ್ಲೂ ಹೆಸರು ಮಾಡಿದ್ದೆ. ಆ ಬಾಯಿ ಆವತ್ತು ಎಲ್ಲಿ ಸತ್ತಿತ್ತೋ ಗೊತ್ತಿಲ್ಲ. ಇದನ್ನು ಓದಿ ಯಾರಾದರೂ 'ಅಯ್ಯೋ ಪಾಪ' ಅಂದರೆ ನನಗೆ ಮೈ ಉರಿಯುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಕುಂದಲಹಳ್ಳಿಯಲ್ಲಿ ನಮ್ಮದು ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಆಫೀಸುಗಳಿವೆ. ಉಳಿದ ತುಂಡು ಜಾಗದಲ್ಲಿ ಮಾವ ಕಟ್ಟಿಸಿದ ಮೂರಂತಸ್ತಿನ ಕಟ್ಟಡ, ಅದರ ಹಿಂದೆ ಶೀಟು ಹೊದಿಸಿದ ನಾಲ್ಕು ರೂಮು. ಕಟ್ಟಡದಲ್ಲಿ ಕಂಪ್ಯೂಟರ್ ಕೆಲಸದವರು, ಶೀಟಿನ ರೂಮುಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಮಾವ ಹೋದ ಮೇಲೆ ಎಲ್ಲದಕ್ಕೂ ಅತ್ತೆಯೇ ಯಜಮಾನಿ. ನನ್ನ ಗಂಡ ಟೆಕ್ ಪಾರ್ಕುಗಳಿಗೆ ಕ್ಯಾಬ್ ಬಿಟ್ಟಿದ್ದರು. ಫೋನಿನಲ್ಲಿ ಡ್ರೈವರುಗಳ ಮೇಲೆ ಎಗರಿ ಬೀಳುವ ಮನುಷ್ಯ ಅಮ್ಮನ ಮುಂದೆ ಮಾತ್ರ "ಹೂಂ ಅಮ್ಮ, ಆಯ್ತಮ್ಮ" ಅಷ್ಟೇ.

ಮಗಳು ಏಳು ತಿಂಗಳಿಗೇ ಹುಟ್ಟಿಬಿಟ್ಟಳು. ನನಗೆ ಬಿ.ಪಿ. ಏರಿ ಕಣ್ಣು ಮಂಜಾಗಿ, ವೈಟ್‌ಫೀಲ್ಡ್ ಕಡೆಯ ಒಂದು ನರ್ಸಿಂಗ್ ಹೋಮಿಗೆ ಹೊತ್ತುಕೊಂಡು ಹೋದರು. ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹುಟ್ಟಿದ ತಕ್ಷಣ ಅಳಲಿಲ್ಲವಂತೆ. ಉಸಿರಿಗೆ ಪೈಪು ಹಾಕಿದರು. ಮೂರನೇ ದಿನ ಫಿಟ್ಸ್ ಬಂತು, ಅದರ ಬೆನ್ನಿಗೇ ಕಾಮಾಲೆ. ಐದು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಅದರಲ್ಲಿ ಮೊದಲ ಕೆಲವು ದಿನ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನೀಲಿ ದೀಪದ ಕೆಳಗೆ. ಪೆಟ್ಟಿಗೆಯ ತೂತಿನಲ್ಲಿ ಕೈ ತೂರಿಸಿ ನನ್ನ ಕಿರುಬೆರಳು ಕೊಟ್ಟರೆ ಹಿಡಿದುಕೊಳ್ಳುತ್ತಿದ್ದಳು. ನೋಡಲು ಬಂದ ನೆಂಟರೊಬ್ಬರು ಹೊರಗೆ ಕಾರಿಡಾರಿನಲ್ಲಿ ನಿಂತು, ನನಗೆ ಕೇಳಿಸಲಿ ಅಂತಲೇ, "ಹೆಣ್ಣು ತಾನೆ, ಹೋದ್ರೆ ಹೋಗ್ಲಿ ಬಿಡಿ, ಮುಂದಿಂದು ನೋಡ್ಕೊಂಡ್ರಾಯ್ತು" ಅಂದರು. ಆಮೇಲೆ ನನ್ನ ಕೈಯಲ್ಲೇ ಕಾಫಿ ಫ್ಲಾಸ್ಕು ಕೊಟ್ಟು ಹೋದರು. ಆ ಕಾಫಿಯನ್ನು ನಾನು ವಾಶ್ ಬೇಸಿನ್ನಿಗೆ ಸುರಿದೆ.

ಮನೆಗೆ ಕಳಿಸುವ ದಿನ ಒಂದು ದಪ್ಪ ಫೈಲು ಕೊಟ್ಟರು. ಮೂರು ತಿಂಗಳಿಗೆ, ಆರಕ್ಕೆ, ಒಂಬತ್ತಕ್ಕೆ ತಪ್ಪದೆ ಕರೆದುಕೊಂಡು ಬನ್ನಿ, ಕಿವಿ ಪರೀಕ್ಷೆ ಮಾಡಿಸಿ, ಬೆಳವಣಿಗೆ ನಾವು ನೋಡುತ್ತಾ ಇರಬೇಕು ಎಂದು ಡಾಕ್ಟರು ಎರಡು ಸಲ ಹೇಳಿದರು. ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಮಸಿಯಲ್ಲಿ ಏನೋ ಬರೆದಿತ್ತು. ಅತ್ತೆಗೆ ಓದಲು ಬರುವುದಿಲ್ಲ, ಆದರೆ ಕೆಂಪು ಕಾಣಿಸುತ್ತದಲ್ಲ.

"ಏನಮ್ಮಿ ಅದು ಕೆಂಪಕ್ಷರ?"

"ಹೈ ರಿಸ್ಕ್ ಅಂತ ಅತ್ತೆ. ಅಪಾಯ ಜಾಸ್ತಿ ಇರೋ ಮಗು ಅಂತ."

"ಥೂ, ಬಿಡ್ತು ಅನ್ನು!" ಎಂದು ಅತ್ತೆ ನನ್ನ ಬಾಯಿಯ ಮೇಲೇ ಕೈ ಇಟ್ಟರು.

ಆ ಎರಡು ಪದವನ್ನು ನಾನು ಬಿಡಿಸಿ ಹೇಳದೇ ಹೋಗಿದ್ದರೆ ಮಾರುವ ಮಾತು ಬರುತ್ತಿತ್ತೋ ಇಲ್ಲವೋ. ಅತ್ತೆಗೆ ನನ್ನ ಗಂಡನಿಗಿಂತ ಮೊದಲು ಎರಡು ಮಕ್ಕಳು ಹುಟ್ಟಿ, ಕೆಲವೇ ತಿಂಗಳಲ್ಲಿ ತೀರಿಹೋಗಿದ್ದವು. ಮೂರನೆಯದಾಗಿ ನನ್ನ ಗಂಡ ಹುಟ್ಟಿದಾಗ ಅವರನ್ನು ಮೊರದಲ್ಲಿ ಮಲಗಿಸಿ, ಬೇರೆ ಮನೆಯ ಹೆಂಗಸಿಗೆ ತೌಡಿಗೆ ಮಾರಿ, ಅವಳ ಮಗುವೆಂದು ಸಾಕಿದ್ದರಂತೆ. ಸಾವು ಹುಡುಕಿಕೊಂಡು ಬಂದರೆ ಈ ಮನೆಯ ಮಗು ಇಲ್ಲಿಲ್ಲ, ಇದು ಬೇರೆಯವರದು ಎಂದು ತಿರುಗಿ ಹೋಗುತ್ತದೆ ಎಂಬ ನಂಬಿಕೆ. ಮಗ ಉಳಿದರು, ಮೀಸೆ ಬಂತು, ಮದುವೆಯೂ ಆಯಿತು. ಇನ್ನು ಅತ್ತೆಗೆ ಯಾರು ಏನು ಹೇಳಲು ಸಾಧ್ಯ?

ಕೊಳ್ಳುವವಳು ಮಕ್ಕಳನ್ನು ಹೆತ್ತು ಎಲ್ಲವನ್ನೂ ಉಳಿಸಿಕೊಂಡವಳಾಗಿರಬೇಕು. ಹಿಂದಿನ ಶೀಟಿನ ರೂಮಿನಲ್ಲಿ ಯಾದಗಿರಿ ಕಡೆಯ ಒಬ್ಬ ಹೆಂಗಸಿದ್ದಳು, ಗಂಡನ ಜೊತೆ ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ಜಲ್ಲಿ ಹೊರುತ್ತಿದ್ದಳು. ಮೂರು ಮಕ್ಕಳು, ಮೂರೂ ಗಟ್ಟಿಮುಟ್ಟು. ಅತ್ತೆ ಅವಳನ್ನೇ ಕರೆಸಿದರು. ಈ ಕಾಲದಲ್ಲಿ ಕುಂದಲಹಳ್ಳಿಯಲ್ಲಿ ತೌಡು ಎಲ್ಲಿ ಸಿಗಬೇಕು? ನನ್ನ ಗಂಡ ವರ್ತೂರಿನ ದನದ ಮೇವಿನ ಅಂಗಡಿಗೆ ಕಾರಿನಲ್ಲಿ ಹೋಗಿ ತಂದರು. ಅದನ್ನು ಅವಳ ಕೈಗೆ ಕೊಟ್ಟು, ಅವಳ ಕೈಯಿಂದ ಅತ್ತೆಯ ಸೆರಗಿಗೆ ಹಾಕಿಸಿ, ಮೊರದಲ್ಲಿದ್ದ ಮಗುವನ್ನು ಅವಳಿಗೆ ಎತ್ತಿ ಕೊಟ್ಟರು. ಅವಳು ಕಟ್ಟಡ ಸುತ್ತಿ ಹಿಂಬಾಗಿಲಿನಿಂದ ಮಗುವನ್ನು ತಂದು, ಅತ್ತೆ ಹೇಳಿಕೊಟ್ಟಂತೆ, "ಈ ಕೂಸು ನಂದ್ರಿ. ನಿಮ್ಮನ್ಯಾಗ ಬೆಳಸಾಕ ಬಿಡ್ತೀನ್ರಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಾದ ಮೇಲೆ ಅತ್ತೆ ಒಂದು ಬಟ್ಟೆ ಚೀಲ ತಂದರು. ಆಸ್ಪತ್ರೆಯ ಕುಲಾವಿ, ಕಾಲಿಗೆ ಕಟ್ಟಿದ್ದ ನಂಬರಿನ ಪಟ್ಟಿ, ಹಾಲಿನ ಪುಟ್ಟ ಲೋಟ, ಎಲ್ಲ ಅದರಲ್ಲಿದ್ದವು. ಮೇಲೆ ಆ ಫೈಲು.

"ಇವ್ನೆಲ್ಲ ತಕ್ಕೊಂಡೋಗಿ ಕೆರೇಲಿ ಬಿಟ್ಬಿಡು" ಎಂದು ಅವಳಿಗೆ ಹೇಳಿದರು.

"ಅತ್ತೆ, ಫೈಲು ಬೇಕಾಗ್ತದೆ" ಅಂದೆ. ಅಂದದ್ದು ನಿಜ. ಒಂದೇ ಸಲ.

"ಆ ಮಗೀನ ಕಾಗ್ದ ಈ ಮಗೀಗ್ಯಾಕಮ್ಮಿ? ಇನ್ಮ್ಯಾಕೆ ಈ ಮನೇಲಿ ಆ ಗಾಜಿನ ಪೆಟ್ಗೆ ಮಾತು ಯಾರೂ ಎತ್ಕೂಡ್ದು. ಯಾರ್ ಕೇಳುದ್ರೂ ಒಂಬತ್ ತಿಂಗ್ಳು ತುಂಬಿ ಉಟ್ಟೈತೆ, ಅಷ್ಟೇಯ. ಎತ್ತುದ್ರೆ ಅದು ಇಂಗೇ ದಾರಿ ಹಿಡ್ಕೊಂಡು ಬತ್ತದೆ."

ನಾನು ಕೆಲಸ ಮಾಡಿದ ಕಾರ್ಖಾನೆಯಲ್ಲಿ ಮಾತ್ರೆಯ ಒಂದು ಪಟ್ಟಿಯಲ್ಲಿ ಒಂದು ಗುಳಿ ಖಾಲಿ ಬಂದರೂ ಅದನ್ನು ಬರೆಯಬೇಕು. ಎಷ್ಟು ಗಂಟೆಗೆ, ಯಾವ ಮಿಷನ್, ಯಾರು ನೋಡಿದರು, ಎಲ್ಲ. ಬರೆಯದೆ ಮುಚ್ಚಿಟ್ಟವರನ್ನು ಆವತ್ತೇ ಗೇಟಿನಿಂದ ಹೊರಗೆ ಹಾಕುತ್ತಿದ್ದರು. ನಾನೇ ಒಬ್ಬಳು ಹುಡುಗಿಯ ಮೇಲೆ ದೂರು ಬರೆದು ಕೆಲಸ ತೆಗೆಸಿದ್ದೆ. ಅಂಥವಳು ನನ್ನ ಸ್ವಂತ ಮಗಳ ಫೈಲು ಕೆರೆಗೆ ಹೋಗುವುದನ್ನು ಸುಮ್ಮನೆ ನೋಡಿದೆ.

ಮೂರು ತಿಂಗಳಾಯಿತು, ಆರಾಯಿತು, ಒಂಬತ್ತಾಯಿತು. ಹೋಗಲಿಲ್ಲ. ಲಸಿಕೆಯ ಸೂಜಿಯನ್ನು ಮಾತ್ರ ಪಕ್ಕದ ರಸ್ತೆಯ ಕ್ಲಿನಿಕ್ಕಿನಲ್ಲಿ ಹಾಕಿಸಿದೆವು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಕೈ ಹಿಡಿದು ಚುಚ್ಚಿ ಕಳಿಸುತ್ತಾರೆ. ಅತ್ತೆ ಬಿಡಲಿಲ್ಲ ಎಂದು ನಾನು ಇವತ್ತಿಗೂ ಎಲ್ಲರ ಮುಂದೆ ಹೇಳುತ್ತೇನೆ. ನನ್ನ ಹತ್ತಿರ ಸ್ಕೂಟರ್ ಇತ್ತು, ಲೈಸೆನ್ಸ್ ಇತ್ತು, ಅತ್ತೆ ಮಧ್ಯಾಹ್ನ ಎರಡು ಗಂಟೆ ಗೊರಕೆ ಹೊಡೆಯುತ್ತಿದ್ದರು. ಹೋಗಬೇಕೆಂದಿದ್ದರೆ ಹೋಗಬಹುದಿತ್ತು. ಮಗಳು ದಪ್ಪಗಾಗಿದ್ದಳು, ಬೆಳ್ಳಗಿದ್ದಳು, ಬೀದಿಯಲ್ಲಿ ಹೋಗುವವರು ನಿಂತು ಕೆನ್ನೆ ಹಿಂಡುತ್ತಿದ್ದರು. ಮತ್ತೆ ಆ ಕೆಂಪಕ್ಷರದ ಕಡೆಗೆ ಹೋಗಲು ನನಗೇ ಮನಸ್ಸಿರಲಿಲ್ಲ.

ಹತ್ತು ತಿಂಗಳಿದ್ದಾಗ ಒಂದು ಭಾನುವಾರ ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಆ ಯಾದಗಿರಿಯವಳು ಮಗಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದಳು. ರಜೆ ಸಿಕ್ಕಾಗಲೆಲ್ಲ ಬಂದು ಆಡಿಸುತ್ತಿದ್ದಳು, ಕೊಂಡವಳಲ್ಲವೆ. ಹಿಂದೆ ನಿಂತು ಚಪ್ಪಾಳೆ ತಟ್ಟಿದಳು, ಕರೆದಳು, ಬಳೆ ಅಲ್ಲಾಡಿಸಿದಳು. ಆಮೇಲೆ ಎದ್ದು ಬಂದು ದನಿ ಇಳಿಸಿ ಹೇಳಿದಳು:

"ಅಕ್ಕಾರ, ಒಂದ್ ಮಾತ್ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಕೂಸು ಕರದ್ರ ಹೊಳ್ಳಿ ನೋಡವಲ್ದು. ಮಾರಿ ನೋಡಿ ನಗವಲ್ದು. ನಮ್ಮ ಮೂರೂ ಇಷ್ಟೊತ್ತಿಗಿ ಕಣ್ಣಾಗ ಕಣ್ಣಿಟ್ಟು ನೋಡ್ತಿದ್ವು. ಒಮ್ಮೆ ದವಾಖಾನಿಗಿ ತೋರಸ್ರಿ."

ನನ್ನ ಕೈಯಲ್ಲಿ ಒದ್ದೆ ಸೀರೆ ಇತ್ತು. ಅದನ್ನು ನೆಲಕ್ಕೆ ಎಸೆದೆ.

"ನಿನ್ ಮಕ್ಳನ್ನ ನೀನು ನೋಡ್ಕೋ. ಮಣ್ಣಲ್ಲಿ ಬಿದ್ದು ಬೆಳೆಯೋವಕ್ಕೂ ನನ್ ಮಗಳಿಗೂ ಹೋಲಿಸ್ತೀಯಾ? ಯಾವ್ ಬಾಯಲ್ಲಿ ಹೇಳ್ತಿದೀಯ ನೀನು?"

"ಹಂಗಲ್ರಿ ಅಕ್ಕಾರ…"

"ರೂಮು ಖಾಲಿ ಮಾಡು. ಈ ವಾರದಲ್ಲೇ."

ಇಷ್ಟು ಹೇಳಿದ್ದಲ್ಲದೆ, ಅವಳು ಹೀಗೆಂದಳು, ಅವಳ ಕಣ್ಣು ಬಿದ್ದೇ ಮಗು ಮಂಕಾಗಿರುವುದು ಎಂದು ಅತ್ತೆಯ, ಗಂಡನ ಕಿವಿಗೂ ಹಾಕಿದೆ. ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿದರು, ಆಮೇಲೆ "ಓಗ್ಲಿ ಬುಡು" ಅಂದರು. ನನ್ನ ಗಂಡ, ಊರಿನಿಂದ ನೆಂಟರು ಬರುತ್ತಾರೆ, ರೂಮು ಬೇಕು ಎಂದು ಅವಳ ಗಂಡನಿಗೆ ಸುಳ್ಳು ಹೇಳಿದರು. ಐದನೇ ದಿನ ಆಟೋದಲ್ಲಿ ಟ್ರಂಕು, ಸ್ಟೌ, ಮೂರು ಮಕ್ಕಳನ್ನು ತುಂಬಿಕೊಂಡು ಹೋದಳು. ಹೋಗುವಾಗ ನನ್ನ ಮಗಳ ತಲೆ ಸವರಲು ಬಂದಳು. ನಾನು ಬಾಗಿಲು ಹಾಕಿಕೊಂಡೆ.

ಎರಡು ವರ್ಷ ತುಂಬಿತು. ಮಾತಿಲ್ಲ. 'ಅಮ್ಮ' ಕೂಡ ಇಲ್ಲ. ಬೇಕಾದ್ದನ್ನು ಬೆರಳಲ್ಲಿ ತೋರಿಸುವುದಿಲ್ಲ, ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಡಬ್ಬದ ಮೇಲೆ ಇಡುವುದು. ಪಾತ್ರೆಯ ಮುಚ್ಚಳಗಳನ್ನು ಗಂಟೆಗಟ್ಟಲೆ ತಿರುಗಿಸುವುದು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಕಿರುಚುವುದು. ಒಬ್ಬೊಬ್ಬರು ಒಂದೊಂದು ಹೇಳಿದರು. ಅವರಪ್ಪನೂ ತಡವಾಗಿ ಮಾತಾಡಿದ್ದು. ಹೆಣ್ಣುಮಗು, ನಾಚಿಕೆ. ನಾಲಿಗೆಗೆ ಬಜೆ ತೇದು ಹಚ್ಚಿ. ಎದುರುಮನೆಯ ಅಕ್ಕ ಒಬ್ಬರು "ನೀವೇ ಎಲ್ಲಾ ಮಾತೂ ಆಡ್ಬಿಟ್ರೆ ಅದಕ್ಕೇನು ಉಳೀತದೆ ಹೇಳಿ" ಎಂದು ನಕ್ಕರು. ಅವರ ಮನೆಯ ಸತ್ಯನಾರಾಯಣ ಪೂಜೆಗೆ ನಾನು ಮತ್ತೆ ಕಾಲಿಟ್ಟಿಲ್ಲ.

ಕೊನೆಗೆ ವೈಟ್‌ಫೀಲ್ಡಿನ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅತ್ತೆ ಜೊತೆಗೇ ಹೊರಟರು, ನನ್ನನ್ನು ಕಾಯಲಿಕ್ಕೆ. ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಕೇಳಿದರು.

"ಡೆಲಿವರಿ ಟೈಮಿಗೆ ಸರಿಯಾಗಿ ಆಯ್ತಾ? ಹುಟ್ಟಿದ ತಕ್ಷಣ ಅತ್ತಿತ್ತಾ? ಫಿಟ್ಸ್, ಕಾಮಾಲೆ, ಏನಾದ್ರೂ?"

"ಏನೂ ಇಲ್ಲ ಸಾರ್. ಒಂಬತ್ ತಿಂಗ್ಳು ತುಂಬಿ ಉಟ್ಟೈತೆ. ಎಲ್ಲಾ ಚೆನ್ನಾಗಿತ್ತು" ಅಂದರು ಅತ್ತೆ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ.

"ಕಿವಿ ಟೆಸ್ಟ್ ಆಗಿದೆಯಾ?"

ಅದಕ್ಕೂ ತಲೆ ಆಡಿಸಿದೆ. ಹೂಂ ಅನ್ನುವುದು ಅಷ್ಟು ಸುಲಭ. ಟಿ.ವಿ., ಮೊಬೈಲು ಬಿಡಿಸಿ, ಪ್ಲೇ ಹೋಮಿಗೆ ಹಾಕಿ, ಮಕ್ಕಳ ಜೊತೆ ಬೆರೆತರೆ ಮಾತು ಬರುತ್ತದೆ, ಆರು ತಿಂಗಳು ನೋಡೋಣ ಎಂದರು ಡಾಕ್ಟರು. ನಾನು ನನ್ನ ಮಗಳಿಗೆ ಮೊಬೈಲು ಕೊಟ್ಟವಳೇ ಅಲ್ಲ. ಹೊರಗೆ ಬಂದು ಆ ಡಾಕ್ಟರನ್ನು ಬಾಯಿಗೆ ಬಂದಂತೆ ಬೈದೆ. ಸುಳ್ಳು ಹೇಳಿದವಳು ನಾನು, ಬೈಸಿಕೊಂಡವರು ಅವರು.

ಪ್ಲೇ ಹೋಮಿನಲ್ಲಿ ಮಗಳು ಹನ್ನೊಂದು ದಿನ ಇದ್ದಳು. ಹನ್ನೆರಡನೇ ದಿನ ಅಲ್ಲಿನ ಮೇಡಂ ನನ್ನನ್ನು ಆಫೀಸಿಗೆ ಕರೆದು, "ಎಲ್ಲಾದ್ರೂ ಒಂದ್ಸಲ ಅಸೆಸ್‌ಮೆಂಟ್ ಮಾಡ್ಸಿ ಮೇಡಂ, ನಮ್ಮಲ್ಲಿ ಕಷ್ಟ ಆಗ್ತಿದೆ" ಅಂದರು. ಮಾತು ಮೆತ್ತಗೇ ಇತ್ತು. ನನಗೆ ಕೇಳಿಸಿದ್ದು ಮಾತ್ರ ಬೇರೆ. ಗೋಡೆಯ ಮೇಲೆ ಕೈ ಕೈ ಹಿಡಿದ ಮಕ್ಕಳ ಚಿತ್ರ ಬರೆಸಿದ್ದೀರಲ್ಲ, ಅದನ್ನು ಮೊದಲು ಅಳಿಸಿ ಎಂದು ಕೂಗಾಡಿ, ಮಗಳ ಬ್ಯಾಗು ಎತ್ತಿಕೊಂಡು ಬಂದುಬಿಟ್ಟೆ. ನನ್ನ ಜಗಳಗಳೆಲ್ಲ ಹೀಗೇ. ಸರಿಯಾದ ಮಾತು ಹೇಳಿದವರ ಮೇಲೇ.

ಅದಾಗಿ ಕೆಲವು ತಿಂಗಳಿಗೆ ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಗ್ಯಾಸ್ ಆರಿಸಿ, ಕಾವಲಿಯನ್ನು ಕೆಳಗಿಟ್ಟು, ಚಟ್ನಿ ತರಲು ಎರಡು ಹೆಜ್ಜೆ ಆಚೆ ಹೋದೆ. ಹಿಂದಿನಿಂದ ಚುರ್ರೆಂದಿತು. ಮಗಳು ಬಿಸಿ ಕಾವಲಿಯ ಮೇಲೆ ಅಂಗೈ ಇಟ್ಟಿದ್ದಳು. ಕಿತ್ತುಕೊಂಡು ಚೀರಿದಳು. ನಾನು ಅಲ್ಲೇ ಇದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ನನ್ನ ಕಡೆ ಬರಲಿಲ್ಲ. ನನ್ನನ್ನು ನೋಡಲೂ ಇಲ್ಲ. ಮೂಲೆಗೆ ಓಡಿ, ಗೋಡೆಗೆ ಮುಖ ಮಾಡಿ ಕೂತು, ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಹತ್ತಿರ ಅತ್ತಳು. ನೋವಾದಾಗ ಅಮ್ಮನ ಹತ್ತಿರ ಹೋಗಬೇಕು ಎಂಬುದು ನನ್ನ ಮಗಳಿಗೆ ಗೊತ್ತಿರಲಿಲ್ಲ.

ನಾನು ಅವಳನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದೆ. ಅತ್ತೆ ಓಡಿ ಬಂದರು, ಬೆಣ್ಣೆ ಹಚ್ಚು ಅಂದರು. "ಮುಚ್ಚಿ ಬಾಯಿ" ಅಂದೆ. ಮದುವೆಯಾದ ಮೇಲೆ ಅತ್ತೆಗೆ ಆ ಮಾತು ಅಂದದ್ದು ಅದೇ ಮೊದಲು.

ಬೊಮ್ಮಸಂದ್ರದಲ್ಲಿ ನನ್ನ ಜೊತೆ ಕೆಲಸ ಮಾಡಿದವಳೊಬ್ಬಳು ಹೇಳಿದ ಕಡೆ, ಮಕ್ಕಳ ಬೆಳವಣಿಗೆಯನ್ನೇ ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ ನಾನೊಬ್ಬಳೇ ಮಗಳನ್ನು ಕರೆದುಕೊಂಡು ಹೋದೆ. ಅವರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಮುಕ್ಕಾಲು ಗಂಟೆ ಮಗಳನ್ನು ನೋಡಿದರು. ಗುಳ್ಳೆ ಊದಿದರು, ಗೊಂಬೆ ಬಚ್ಚಿಟ್ಟರು, ಕರೆದರು. ಎದ್ದು ಬಂದು, ಆಟಿಸಂ ಅನ್ನುವ ಅನುಮಾನ ಬಲವಾಗಿದೆ, ಇನ್ನೂ ಪರೀಕ್ಷೆ ಮಾಡಿ ಖಚಿತ ಮಾಡಬೇಕು, ಅದಕ್ಕೂ ಮುಂಚೆ ಹುಟ್ಟಿದಾಗ ಏನೇನಾಯಿತು ಹೇಳಿ ಅಂದರು. ಇಲ್ಲಿ ಅತ್ತೆ ಇರಲಿಲ್ಲ. ಏಳು ತಿಂಗಳು, ಉಸಿರಿನ ಪೈಪು, ಫಿಟ್ಸ್, ಕಾಮಾಲೆ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

"ಅದ್ರಿಂದ್ಲೇ ಹಿಂಗಾಯ್ತಾ ಡಾಕ್ಟ್ರೆ?"

"ಹಾಗೆ ಬೆರಳಿಟ್ಟು ಹೇಳೋಕೆ ಬರಲ್ಲ. ಹೀಗೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಏನೂ ಆಗಲ್ಲ. ಏನೂ ತೊಂದರೆ ಇಲ್ಲದೆ ಹುಟ್ಟಿದವರಿಗೂ ಇದು ಇರುತ್ತೆ. ಆದ್ರೆ ಇಂಥ ಮಕ್ಕಳಿಗೆ ಸಾಧ್ಯತೆ ಜಾಸ್ತಿ. ಅದಕ್ಕೇ ಮೊದಲಿಂದ ಕಣ್ಣಿಟ್ಟು ನೋಡ್ತಾ ಇರ್ತೀವಿ. ಬೇಗ ಗೊತ್ತಾದಷ್ಟೂ ಬೇಗ ಕಲಿಸೋಕೆ ಶುರು ಮಾಡಬಹುದು. ಫಿಟ್ಸ್ ಬಂದಿತ್ತು ಅಂತೀರಿ, ಯಾವ ಔಷಧಿ, ಸ್ಕ್ಯಾನ್‌ನಲ್ಲಿ ಏನಿತ್ತು, ಕಿವಿ ಏನಾಗಿತ್ತು, ನನಗೆ ಅದೆಲ್ಲ ಬೇಕು. ಫೈಲು ತನ್ನಿ. ಮುಂದಿನ ಸಲ ಮನೇಲಿ ಮಗು ನೋಡ್ಕೊಳ್ಳೋರೆಲ್ಲ ಬನ್ನಿ."

ಫೈಲು ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ತರುತ್ತೇನೆ ಅಂದೆ.

ಆ ನರ್ಸಿಂಗ್ ಹೋಮು ಮುಚ್ಚಿಹೋಗಿತ್ತು. ಅದೇ ಕಟ್ಟಡದಲ್ಲಿ ಈಗ ಜಿಮ್ಮು, ಹಾಡು ಕಿವಿ ಒಡೆಯುವ ಹಾಗೆ ಹಾಕಿದ್ದರು. ಹಳೆಯ ಕಾಗದಗಳು ಎಲ್ಲಿವೆ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನು ಉಳಿದವಳು ಆ ಯಾದಗಿರಿಯವಳು ಒಬ್ಬಳೇ. ಕೆರೆಗೆ ಬಿಟ್ಟಿದ್ದರೆ ಅದೂ ಮುಗಿಯಿತು. ಆದರೂ ಗಂಡನ ತಲೆ ತಿಂದು, ಮೇಸ್ತ್ರಿಗಳಿಗೆಲ್ಲ ಫೋನು ಮಾಡಿಸಿದೆ. ಅವಳು ಕಾಡುಗೋಡಿಯ ಆಚೆ ಒಂದು ದೊಡ್ಡ ಅಪಾರ್ಟ್‌ಮೆಂಟ್ ಕೆಲಸದಲ್ಲಿದ್ದಾಳೆ, ಅಲ್ಲೇ ಶೆಡ್ಡಿನಲ್ಲಿದ್ದಾಳೆ ಎಂದು ನಾಲ್ಕನೇ ದಿನ ತಿಳಿಯಿತು.

ಊಟದ ಹೊತ್ತಿಗೆ ಹೋದೆ. ತಗಡಿನ ಶೆಡ್ಡುಗಳ ಸಾಲು. ಅವಳು ಬಾಗಿಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು, ತಲೆಗೆ ಕಟ್ಟಿದ ಟವೆಲ್ಲಿನ ಮೇಲೆಲ್ಲ ಸಿಮೆಂಟು. ನನ್ನನ್ನು ನೋಡಿದಳು, ಏಳಲಿಲ್ಲ.

"ಏನ್ ಬಂದ್ರಿ ಅಕ್ಕಾರ? ಇದು ನಿಮ್ ರೂಮಲ್ರಿ. ಇಲ್ಲಿಂದ ಖಾಲಿ ಮಾಡ್ಸಾಕ ಆಗಂಗಿಲ್ಲ."

"ಆವತ್ತು ಅತ್ತೆ ಒಂದು ಚೀಲ ಕೊಟ್ಟಿದ್ರಲ್ಲ. ಅದರಲ್ಲಿ ಒಂದು ಫೈಲು…"

"ರೂಮ್ ಬಿಟ್ಟ ದಿನ ನಮ್ ಸಣ್ಣವಂಗ ಜ್ವರ ಇತ್ರಿ. ಆಟೋದಾಗ ಕುಂದರಸ್ಕೊಂಡು ಹೊಂಟೀನಿ. ನೀವು ಬಾಗಲಾ ಹಾಕ್ಕೊಂಡ್ರಿ." ಅವಳು ರೊಟ್ಟಿ ಮುರಿಯುತ್ತಲೇ ಹೇಳಿದಳು. "ನಾ ಏನ್ ಕೆಟ್ಟ ಅಂದಿದ್ನಿ ನಿಮಗ?"

ತಪ್ಪಾಯಿತು ಎಂದು ಹೇಳಬೇಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು, "ಫೈಲು ಇದೆಯಾ ಇಲ್ವಾ ಅಷ್ಟು ಹೇಳು." ಅಷ್ಟು ಕೆಟ್ಟ ಬಾಯಿ ನನ್ನದು.

ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಅವಳ ಮಕ್ಕಳ ಸೂಜಿ ಕಾರ್ಡುಗಳು, ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಮಗಳ ಫೈಲು ಇತ್ತು. ಒಂದು ಹಾಳೆಯೂ ಮಡಚಿರಲಿಲ್ಲ.

"ಕೆರ್ಯಾಗ ಬಿಡು ಅಂದ್ರು ಅಮ್ಮಾರು. ಕುಲಾವಿ, ಅರಬಿ ಎಲ್ಲಾ ಬಿಟ್ನಿ. ಕೂಸಿನ ಕಾಗದ ಯಾರರ ನೀರಿಗಿ ಒಗೀತಾರೇನ್ರಿ? ಓದಾಕ ಬರ್ದಿದ್ರೂ ಅಷ್ಟು ತಿಳೀತದ."

ನಾನು ತೆಗೆದುಕೊಂಡೆ. ತಿರುಗಿ ಹೊರಟಾಗ ಹಿಂದಿನಿಂದ ಕೇಳಿದಳು.

"ಈಗ ಹೊಳ್ಳಿ ನೋಡ್ತಾಳೇನ್ರಿ?"

"ಇಲ್ಲ" ಅಂದೆ.

ಅಲ್ಲಿ ಕೆಲಸದ ಸೀಟಿ ಊದಿದರು, ಅವಳು ಟವೆಲ್ಲು ಬಿಗಿದುಕೊಂಡು ಹೋದಳು. ಅವಳು ನಾಲ್ಕು ಮಾತು ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಮನೆಗೆ ಬಂದು ಫೈಲನ್ನು ಊಟದ ಟೇಬಲ್ಲಿನ ಮೇಲೆ ಅತ್ತೆಯ ಮುಂದೆ ಇಟ್ಟೆ. ಅತ್ತೆ ಹಾವು ಕಂಡವರ ಹಾಗೆ ಹಿಂದೆ ಸರಿದರು. ನಾಳೆ ನೀವೂ ಆಸ್ಪತ್ರೆಗೆ ಬರಬೇಕು, ಅಲ್ಲಿ ಒಂದು ಸುಳ್ಳು ಹೇಳಿದರೂ ನಾನು ಮಗಳನ್ನು ಎತ್ತಿಕೊಂಡು ಆನೇಕಲ್ಲಿನ ನನ್ನ ತವರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದೆ. ನನ್ನ ಗಂಡ "ಅಮ್ಮನ ಹತ್ರ ಹಂಗೆಲ್ಲ ಮಾತಾಡ್ಬೇಡ" ಎಂದು ಶುರು ಮಾಡಿದರು. "ನೀವು ತೌಡು ತಂದವರು, ಸುಮ್ಮನೆ ಕೂತ್ಕೊಳ್ಳಿ" ಅಂದೆ. ಕೂತರು.

ಮಾರನೇ ದಿನ ಡಾಕ್ಟರಮ್ಮ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅತ್ತೆ, ನಾನು, ನನ್ನ ಗಂಡ ಮೂವರೂ ಸಾಲಾಗಿ ಕೂತಿದ್ದೆವು. ಮಗಳು ಡಾಕ್ಟರ ಕುರ್ಚಿಯ ಕೆಳಗೆ ಮಲಗಿ ಅದರ ಚಕ್ರ ತಿರುಗಿಸುತ್ತಿದ್ದಳು.

"ಮೂರು, ಆರು, ಒಂಬತ್ತು ತಿಂಗಳಿಗೆ ಬನ್ನಿ ಅಂತ ಬರೆದಿದ್ದಾರೆ. ಹೋಗಿದ್ರಾ?"

"ಇಲ್ಲ" ಅಂದೆ.

"ಕಿವಿ ಪರೀಕ್ಷೆ?"

"ಇಲ್ಲ."

ಅವರು ಬೈಯಲಿಲ್ಲ. ಒಂದು ಉದ್ದನೆಯ ಫಾರಂ ತೆಗೆದು ಬರೆಯತೊಡಗಿದರು. ಮಗಳ ವಯಸ್ಸು ಕೇಳಿದರು, ಮೂರು ವರ್ಷ ಎರಡು ತಿಂಗಳು ಅಂದೆ. ಆಮೇಲೆ ಪೆನ್ನು ನಿಲ್ಲಿಸಿ ತಲೆ ಎತ್ತಿದರು.

"ಏನೋ ಸರಿ ಇಲ್ಲ ಅಂತ ನಿಮಗೆ ಮೊದಲು ಅನ್ನಿಸಿದ್ದು ಯಾವಾಗ?"

"ಈಗೀಗ ತಾಯಿ, ಈ ಕೈ ಸುಟ್ಕೊಂಡ…" ಎಂದು ಅತ್ತೆ ಶುರು ಮಾಡಿದರು.

"ಏಳು ತಿಂಗಳಿಗೆ" ಅಂದೆ ನಾನು.

ನನ್ನ ಗಂಡ ನನ್ನ ಕಡೆ ತಿರುಗಿದರು. ಯಾದಗಿರಿಯವಳು ಹೇಳಿದ್ದು ಹತ್ತು ತಿಂಗಳಿಗೆ. ಅದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೂ ಮೂರು ತಿಂಗಳು ಮೊದಲಿನದು ಯಾರಿಗೂ ಗೊತ್ತಿರಲಿಲ್ಲ. ಹಾಲು ಕೊಡುವಾಗ ಅವಳು ನನ್ನ ಮುಖ ಬಿಟ್ಟು ನನ್ನ ಭುಜದ ಆಚೆ ನೋಡುತ್ತಿದ್ದಳು. ನಾನು ನನ್ನ ಮುಖವನ್ನು ಆ ಕಡೆಗೇ ತೆಗೆದುಕೊಂಡು ಹೋಗುತ್ತಿದ್ದೆ, ಅವಳು ಕಣ್ಣನ್ನು ಇನ್ನೊಂದು ಕಡೆಗೆ ತೆಗೆದುಕೊಳ್ಳುತ್ತಿದ್ದಳು. ದಿನಾ ಹೀಗೆ. ನನಗೆ ಗೊತ್ತಿತ್ತು. ಆ ಹೆಂಗಸು ಹೊಸದೇನನ್ನೂ ಹೇಳಿರಲಿಲ್ಲ, ನನಗೆ ಗೊತ್ತಿದ್ದದ್ದನ್ನೇ ಬಾಯಿಬಿಟ್ಟು ಹೇಳಿದ್ದಳು. ಅದಕ್ಕೇ ಅವಳನ್ನು ಜ್ವರದ ಮಗುವಿನ ಸಮೇತ ಬೀದಿಗೆ ಹಾಕಿದ್ದು. ಇದನ್ನೆಲ್ಲ ಡಾಕ್ಟರಮ್ಮನ ಮುಂದೆ ಹೇಳಿದೆ. ಅಳಲಿಲ್ಲ. ಅತ್ತರೆ ಯಾರಾದರೂ ಸಮಾಧಾನ ಮಾಡುತ್ತಾರೆ, ಅದು ನನಗೆ ಬೇಡವಾಗಿತ್ತು.

ಕುರ್ಚಿಯ ಕೆಳಗೆ ಚಕ್ರ ತಿರುಗುತ್ತಿತ್ತು.

"ನಂಗೆ ಅದ್ಕೂ ಮುಂಚೆ" ಅಂದರು ಅತ್ತೆ.

ನಾನು ತಿರುಗಿ ನೋಡಿದೆ. ಅತ್ತೆ ಡಾಕ್ಟರನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಐದ್ ತಿಂಗ್ಳಲ್ಲೇ ಕಂಡ್ಬುಡ್ತು ಕಣ್ ತಾಯಿ. ನೀರ್ ಉಯ್ವಾಗ. ಕಾಲ್ ಮ್ಯಾಲೆ ಆಕ್ಕೊಂಡು ಎಷ್ಟ್ ಮಾತಾಡ್ಸುದ್ರೂ ಮಕ ನೋಡ್ತಿರ್ನಿಲ್ಲ. ಸತ್ತೋದ್ವಲ್ಲ ನನ್ನವು, ಅವೂ ನೋಡ್ತಿದ್ವು. ಇದು ನೋಡ್ತಿರ್ನಿಲ್ಲ. ಇವ್ಳಿಗೆ ಏಳುದ್ರೆ ಇವ್ಳು ಎದೆ ಒಡ್ಕೋತಾಳೆ ಅಂತ ಸುಮ್ಕಿದ್ದೆ."

ನನಗೆ ಅಯ್ಯೋ ಅನ್ನಿಸಲಿಲ್ಲ. ಅಲ್ಲೇ ಆ ಮುದುಕಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅದೇ ಕೈಯಲ್ಲಿ ನನ್ನ ಕೆನ್ನೆಗೂ. ಮೂರು ವರ್ಷ ಒಂದೇ ಅಡುಗೆಮನೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತವರು ನಾವು. ಅವರಿಗೆ ಗೊತ್ತಾಗದಿರಲಿ ಎಂದು ನಾನು, ನನಗೆ ಗೊತ್ತಾಗದಿರಲಿ ಎಂದು ಅವರು, ಮಗುವಿನ ಬಗ್ಗೆ ಬಿಟ್ಟು ಮಿಕ್ಕ ಎಲ್ಲದರ ಬಗ್ಗೆ ಜಗಳ ಆಡಿದ್ದೆವು.

ಡಾಕ್ಟರಮ್ಮ ಫಾರಂನ ಆ ಸಾಲಿನಲ್ಲಿ 'ತಾಯಿ, ಏಳು ತಿಂಗಳು' ಎಂದು ಬರೆದರು. ಅದರ ಪಕ್ಕದಲ್ಲಿ ಜಾಗ ಮಾಡಿಕೊಂಡು 'ಅಜ್ಜಿ, ಐದು ತಿಂಗಳು' ಎಂದೂ ಬರೆದರು. ಆಮೇಲೆ ನನ್ನ ಗಂಡನ ಕಡೆ ನೋಡಿ, "ನಿಮಗೆ?" ಎಂದು ಕೇಳಿದರು.